ಸೀಮೆಸುಣ್ಣದ ಬಚ್ಚಲು

ನನ್ನ ಫೋನಿನಲ್ಲಿ ಅವರ ಹೆಸರಿಲ್ಲ. ‘ಬಚ್ಚಲು ಮೇಸ್ತ್ರಿ’ ಎಂದು ಬರೆದುಕೊಂಡಿದ್ದೆ, ಹಾಗೇ ಉಳಿದಿದೆ. ಕಳೆದ ಕಾರ್ತಿಕದಲ್ಲಿ, ಶಾಲೆಯ ಊಟದ ಬಿಡುವಿನ ಹೊತ್ತಿಗೆ, ಆ ನಂಬರಿನಿಂದ ಕರೆ ಬಂತು. “ಹೇಳಿ ಮೇಸ್ತ್ರಿ” ಎಂದೆ. ಆ ಕಡೆಯಿಂದ ಮಾತಾಡಿದ್ದು ಒಬ್ಬ ಹೆಂಗಸು.

“ಟೀಚರಮ್ಮೋರಾ? ನಾನು ಅವ್ರ ಮಗಳು ಕಣಮ್ಮ, ಸುಜಾತ ಅಂತ. ಅಪ್ಪ ಓಗ್ಬುಟ್ರು. ಸುಕ್ರುವಾರ ಬೆಳಿಗ್ಗೆ, ಜಗಲಿ ಮೇಲೆ ಕೂತಿದ್ದಂಗೇ. ಫೋನಲ್ಲಿ ಇರೋರ್ಗೆಲ್ಲ ಒಬ್ಬೊಬ್ರಿಗೇ ಏಳ್ತಾ ಇವ್ನಿ.”

ಊಟದ ಡಬ್ಬಿಗೆ ಮುಚ್ಚಳ ಹಾಕಿದೆ. ಅವರು ನಮಗೆ ನೆಂಟರಲ್ಲ, ನೆರೆಯವರಲ್ಲ. ನಮ್ಮ ಮನೆಯ ಹಳೆಯ ಬಚ್ಚಲನ್ನು ಒಡೆದು ಹೊಸದಾಗಿ ಕಟ್ಟಿಕೊಟ್ಟ ಗಾರೆ ಕೆಲಸದವರು. ಎಲ್ಲ ಸೇರಿಸಿದರೆ ನಮ್ಮ ಮನೆಯಲ್ಲಿ ಅವರು ಓಡಾಡಿದ್ದು ಒಂದು ತಿಂಗಳಿರಬಹುದು. ಆದರೂ ಇವತ್ತಿಗೂ ನಡುಮನೆ ದಾಟುವಾಗ ಯಾರೋ ನನ್ನ ಪಾದಗಳನ್ನು ನೋಡುತ್ತಿದ್ದಾರೆ ಅನ್ನಿಸಿ, ನಡಿಗೆ ತಂತಾನೇ ನಿಧಾನವಾಗುತ್ತದೆ.

ನಮ್ಮದು ಮದ್ದೂರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಯಜಮಾನರು ಕರೆಂಟಿನ ಲೈನು ಕೆಲಸದ ಮೇಲ್ವಿಚಾರಕರು. ಐವತ್ತಾರರಲ್ಲೂ ಹುಡುಗರನ್ನು ಹಿಂದಕ್ಕೆ ಸರಿಸಿ ತಾವೇ ಕಂಬ ಹತ್ತುತ್ತಿದ್ದ ಆಳು. ಮನೆಯಲ್ಲಿ ಮೂರನೆಯವರು ನಮ್ಮತ್ತೆ. ಮೂರು ವರ್ಷದ ಹಿಂದೆ ಅವರು ಹಂಡೆಯ ಪಕ್ಕ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು. ಆಗ ಬಚ್ಚಲು ಒಡೆಸುವ ಮಾತು ಬಂತು. ಬಂದದ್ದೇ ತಡ, ಮನೆಯಲ್ಲಿ ಒಂದಕ್ಕೆ ಮೂರು ಬಚ್ಚಲಾದವು. ಯಜಮಾನರು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದದ್ದು ಒಂದು: ನೀಲಿ ಟೈಲ್ಸು, ಗೀಜರು, ತಲೆಯ ಮೇಲೆ ಮಳೆ ಸುರಿಯುವಂಥ ಶವರು. ನಾನು ಮೊಬೈಲಿನಲ್ಲಿ ನೋಡಿಟ್ಟುಕೊಂಡದ್ದು ಇನ್ನೊಂದು. ಅತ್ತೆಯದು ಬಾಯಿಮಾತಿನ ಬಚ್ಚಲು. “ಕಮೋಡು ಆಕ್ಸಿ, ಏನಾರ ಮಾಡ್ಕಳಿ. ನನ್ ಅಂಡೆ, ನನ್ ಒಲೆ ಮುಟ್ಟುದ್ರೆ ಮಾತ್ರ ನಾನು ಸ್ನಾನಾನೇ ಮಾಡಕ್ಕಿಲ್ಲ, ಆಟೇಯ” ಎಂದರು.

ಮೇಸ್ತ್ರಿಯ ವಿಷಯ ತಿಳಿಸಿದ್ದು ಯಲಿಯೂರಿನಿಂದ ಬರುವ ನಮ್ಮ ಸಹೋದ್ಯೋಗಿ. ಅವರ ಅಕ್ಕನ ಮನೆಯ ಬಚ್ಚಲು ಮಾಡಿದ್ದು ಇವರೇ. “ಕೆಲಸಕ್ಕೆ ಹೆಸರಿಡೋ ಹಾಗಿಲ್ಲ ಟೀಚರ್. ಒಂದು ತೊಟ್ಟು ನೀರು ನಿಲ್ಲಲ್ಲ. ಆದರೆ…” ಎಂದು ತಡೆದರು. “ಗೋಡೆಗೆ ಎಲ್ಲಾದರೂ, ಹಿಡ್ಕೊಂಡು ಏಳೋಕೆ, ಒಂದು ಹಿಡಿ ಹಾಕ್ತೀನಿ ಅಂತಾರೆ. ಅದು ಯಾರಿಗೆ ಅಂತ ಮಾತ್ರ ಕೇಳೋಕೆ ಹೋಗಬೇಡಿ.” ನಾನು ನಕ್ಕೆ. ಅವರು ನಗಲಿಲ್ಲ.

ಬೆಳಕವಾಡಿಯಿಂದ ಮಳವಳ್ಳಿಗೆ, ಅಲ್ಲಿಂದ ಮದ್ದೂರಿಗೆ ಬಸ್ಸು ಹಿಡಿದು ಹತ್ತು ಗಂಟೆಗೆ ಸರಿಯಾಗಿ ಬಂದರು. ಅರವತ್ತರ ಆಸುಪಾಸು, ಆರಡಿ ಮೀರಿದ ಎತ್ತರ, ಒಗೆದು ಒಗೆದು ತೆಳ್ಳಗಾದ ಬಿಳಿ ಅಂಗಿ. ಬಾಗಿಲಲ್ಲಿ ನಿಂತವರು ನಮ್ಮ ಮುಖ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು, ಅಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಒಂದೊಂದಾಗಿ ಮಗುಚಿ ಅಟ್ಟೆ ನೋಡತೊಡಗಿದರು. ಹೆಬ್ಬೆರಳಿನಿಂದ ಸವೆದ ಜಾಗವನ್ನು ಸವರಿ, ಮತ್ತೆ ಜೋಡಿಸಿ ಇಡುತ್ತಿದ್ದರು.

“ಏನಪ್ಪಾ ಮೇಸ್ತ್ರಿ, ಬಚ್ಚಲು ಮಾಡಕ್ ಬಂದಿದ್ದೀಯೋ, ಚಪ್ಲಿ ಒಲಿಯಾಕೋ?” ಎಂದರು ಅತ್ತೆ.

“ಎಲ್ಡೂ ಕಾಲಿನ್ ಕೆಲ್ಸಾನೇ ಅಲ್ವಾ ಅವ್ವ” ಎಂದರು. ದನಿ ತಣ್ಣಗಿತ್ತು.

ಹಳೆಯ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗಿದ್ದರು. ಸದ್ದೇ ಇಲ್ಲ. ಆಮೇಲೆ ಹೊರಬಂದು ಯಜಮಾನರ ಹಾಳೆ ನೋಡಿದರು, ನನ್ನ ಮೊಬೈಲೂ ನೋಡಿದರು. ಏನೂ ಹೇಳದೆ ನಡುಮನೆಯ ಕುರ್ಚಿಗಳನ್ನು ಗೋಡೆಗೆ ಸರಿಸಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಕೆಂಪು ಗಾರೆಯ ನೆಲದ ಮೇಲೆ ಗೆರೆ ಎಳೆಯತೊಡಗಿದರು. ಅರ್ಧ ಗಂಟೆಯಲ್ಲಿ ನೆಲದ ಮೇಲೆ ನಮ್ಮ ಹೊಸ ಬಚ್ಚಲು ಮಲಗಿತ್ತು, ಅಳತೆಗೆ ಅಳತೆ. ಇಲ್ಲಿ ಬಾಗಿಲು, ಇಲ್ಲಿ ನಲ್ಲಿ, ಕಮೋಡಿನ ಜಾಗಕ್ಕೆ ಅಡುಗೆಮನೆಯ ಸ್ಟೂಲು. ಮೂಲೆಯಲ್ಲಿ ಹಂಡೆಗೂ ಒಂದು ಸುತ್ತು ಎಳೆದಿದ್ದರು. ಅತ್ತೆ ಗೆದ್ದವರ ಹಾಗೆ ನಮ್ಮನ್ನು ನೋಡಿದರು.

“ಈಗ ಒಬ್ಬೊಬ್ರೇ ಒಳಗೋಗಿ ಸ್ನಾನ ಮಾಡ್ಕಂಡ್ ಬನ್ನಿ” ಎಂದರು ಮೇಸ್ತ್ರಿ.

ನಗು ಬಂತು. ಆದರೂ ಮಾಡಿದೆವು. ಇಲ್ಲದ ಬಾಗಿಲು ತೆಗೆದು, ಇಲ್ಲದ ಚಿಲಕ ಹಾಕಿ, ಇಲ್ಲದ ನಲ್ಲಿಗೆ ಬಗ್ಗಿ, ಸ್ಟೂಲಿನ ಮೇಲೆ ಕೂತು ಎದ್ದು ಬಂದೆವು. ಅವರು ಗೋಡೆಗೆ ಒರಗಿ ಕೂತು, ಅಂಗೈ ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿಕೊಂಡಿದ್ದರು. ಅತ್ತೆಯದು ಆಯಿತು, ನನ್ನದಾಯಿತು. ಯಜಮಾನರು ಹೋಗಿಬಂದ ಮೇಲೆ ಕಣ್ಣು ಬಿಟ್ಟು, ಬಾಗಿ, ಬಾಗಿಲ ಗೆರೆಯನ್ನು ನೋಡಿದರು. ಬಲಗಡೆ ಒಂದಿಷ್ಟು ಅಳಿಸಿತ್ತು. ಮತ್ತೆ ಎಳೆದರು. “ಸಾರು, ಇನ್ನೊಂದ್ಸಲ.” ಮತ್ತೆ ಅಳಿಸಿತು. ಮತ್ತೆ ಎಳೆದರು. “ಇನ್ನೊಂದೇ ಸಲ.”

“ಏನ್ರೀ, ಪರೇಡು ಮಾಡಿಸ್ತಿದ್ದೀರಾ?” ಎಂದು ಯಜಮಾನರು ನಗುತ್ತಲೇ ಮೂರನೆಯ ಸಲ ದಾಟಿದರು. ಮೇಸ್ತ್ರಿ ಗೆರೆ ನೋಡಿದರು. ಈ ಸಲ ಎಳೆಯಲಿಲ್ಲ.

ಆಮೇಲೆ ತಮ್ಮ ನಿರ್ಧಾರ ಹೇಳಿದರು. ನೀಲಿ ಟೈಲ್ಸು ಗೋಡೆಗಿರಲಿ, ನೆಲಕ್ಕೆ ಕಾಲು ಜಾರದ ಒರಟು ಟೈಲ್ಸೇ ಆಗಬೇಕು. ಚಿಲಕಕ್ಕೆ ಆಚೆ ಕಡೆಯಿಂದಲೂ ಚಮಚದ ಬಾಲ ಹಾಕಿ ತಿರುಗಿಸುವಂಥ ಸೀಳು ಇರಬೇಕು. ಬಾಗಿಲು ಆಚೆಗೇ ತೆಗೆಯಬೇಕು. ಆಚೆಗೆ ತೆಗೆದರೆ ಊಟದ ಮೇಜಿಗೆ ತಾಗುತ್ತದೆ ಎಂದು ನಾನು ತಕರಾರು ತೆಗೆದೆ.

“ಮೇಜು ಎತ್ತಾಕಿ ಟೀಚರಮ್ಮ. ಒಳಕ್ ತೆಗಿಯೋ ಬಾಗ್ಲಾದ್ರೆ ಬಿದ್ದೋನೇ ಅಗುಳಿ ಆಯ್ತಾನೆ.”

ಕೊನೆಗೆ ಹಿಡಿಗಳ ಮಾತು ಬಂತು. ಕಮೋಡಿನ ಬಲಕ್ಕೆ ಒಂದು, ಅತ್ತೆಗೆ. ಅದು ಸರಿ, ಅವರ ಎಡಗೈ ಮುರಿದಿತ್ತು. ಎಡಗಡೆ, ಸ್ವಲ್ಪ ಎತ್ತರದಲ್ಲಿ, ಇನ್ನೊಂದು.

“ಅದು ಯಾರಿಗೆ?” ಎಂದೆ. ಕೇಳಬೇಡಿ ಎಂದದ್ದು ಕೇಳಿದ ಮೇಲೆ ನೆನಪಾಯಿತು.

ಮೇಸ್ತ್ರಿ ತಲೆ ತಗ್ಗಿಸಿ ಟೇಪು ಸುತ್ತತೊಡಗಿದರು.

ಅಂದು ಸಂಜೆ ಎದುರು ಮನೆಯಾಕೆ ಬಂದು, ನೆಲದ ಗೆರೆ ನೋಡಿ, “ಅಯ್ಯೋ, ಆ ಬೆಳಕವಾಡಿಯೋನ್ನ ಕರ್ಸಿದ್ರಾ? ಅವನು ಹಿಡಿ ಆಕುದ್ ಮನೇಲಿ ಒಬ್ರು ಬಿದ್ದೇ ಬೀಳ್ತಾರಂತೆ ಕಣಮ್ಮ” ಎಂದರು. ಒಳಗಿನಿಂದ ಕೇಳಿಸಿಕೊಂಡ ಯಜಮಾನರಿಗೆ ರೇಗಿಹೋಯಿತು. ಮಾರನೆಯ ದಿನ ಮೇಸ್ತ್ರಿ ಬಂದೊಡನೆ, “ನಮ್ಮಮ್ಮನದು ಒಂದೇ ಹಿಡಿ. ಎರಡನೇದು ಕಂಡರೆ ನಾನೇ ಕಿತ್ತು ಬಿಸಾಕ್ತೀನಿ” ಎಂದು ಹೇಳಿ ಕೆಲಸಕ್ಕೆ ಹೋದರು.

ನಾನು ಆ ಹೊತ್ತಿನಲ್ಲಾದರೂ ಅವರನ್ನು ಕೂರಿಸಿ ಕೇಳಬಹುದಿತ್ತು. ಕೇಳಲಿಲ್ಲ. “ತೆಗೆದುಬಿಡಿ ಮೇಸ್ತ್ರಿ, ಮನೆಯಲ್ಲಿ ಸುಮ್ಮನೆ ಮನಸ್ತಾಪ” ಎಂದೆ.

“ತೆಗಿತೀನಿ. ಗೋಡೆ ಒಳ್ಗಡೆ ಕಬ್ಬಿಣದ ಪಟ್ಟಿ ಕೂರ್ಸಿರ್ತೀನಿ. ಮೇಲೆ ಟೈಲ್ಸು ಮುಚ್ಕತದೆ, ಯಾರ್ಗೂ ಕಾಣಕ್ಕಿಲ್ಲ. ಬೇಕಾದಾಗ ಹಿಡಿ ಆಕ್ಬೋದು. ಬ್ಯಾಡ್ವಾದ್ರೆ ಅಲ್ಲೇ ಇರ್ತದೆ.”

ನಾನು ಒಪ್ಪಿದೆ. ಯಜಮಾನರಿಗೆ ಹೇಳಲಿಲ್ಲ.

ಕೆಲಸ ಮಾಡುವಾಗ ಅವರು ಒಬ್ಬರೇ. ಮಾತಿಲ್ಲ, ರೇಡಿಯೋ ಇಲ್ಲ. ವಾಟ ಸರಿಯಿದೆಯೇ ಎಂದು ನೋಡಲು ಒಂದು ಚೊಂಬು ನೀರು ಸುರಿದು, ಅದು ಓಡುವುದನ್ನು ನೋಡದೆ ಕಿವಿಗೊಟ್ಟು ಕೇಳುತ್ತಿದ್ದರು. ಕೈ ತೊಳೆಯುವುದು ಮಾತ್ರ ಅಂಗಳದ ನಲ್ಲಿಯಲ್ಲೇ. ಹೊಸ ಬಚ್ಚಲು ಮುಗಿದ ದಿನ ಅತ್ತೆ, “ಮೊದ್ಲು ನೀನೇ ಕೈಕಾಲು ತೊಳ್ಕಳಪ್ಪ, ಕಟ್ಟಿದೋನು” ಎಂದರೂ ಒಳಗೆ ಹೋಗಲಿಲ್ಲ. “ನಾನು ಕಟ್ಟಿದ್ರೊಳಕ್ಕೆ ನಾನು ಓಗಕ್ಕಿಲ್ಲ ಅವ್ವ. ಬಚ್ಚಲಲ್ಲಿ ಮನ್ಸ ಒಬ್ನೇ ಇರ್ತಾನೆ. ಅಲ್ಲಿ ಇನ್ನೊಬ್ರುದು ನೆಪ್ಪು ಇರ್ಬಾರ್ದು” ಎಂದು ಚೀಲ ಹೆಗಲಿಗೇರಿಸಿ ನಾಲ್ಕರ ಬಸ್ಸಿಗೆ ಹೊರಟರು.

ಆದರೆ ನೆನಪು ಒಳಗೇ ಇತ್ತು. ಆ ಪಟ್ಟಿ ಯಾವ ಟೈಲ್ಸಿನ ಹಿಂದಿದೆ ಎಂದು ನನಗೊಬ್ಬಳಿಗೇ ಗೊತ್ತು: ನೆಲದಿಂದ ನಾಲ್ಕನೆಯ ಸಾಲು, ಮೂಲೆಯಿಂದ ಮೂರನೆಯದು. ಉಳಿದವುಗಳಷ್ಟೇ ನೀಲಿ, ಅಷ್ಟೇ ನುಣುಪು. ಸ್ನಾನ ಮಾಡುವಾಗ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಬೆನ್ನು ಹಾಕಿದರೆ ಇನ್ನೂ ಕಷ್ಟವಾಗುತ್ತಿತ್ತು. ಕಣ್ಣಿಗೆ ಸೋಪು ಹತ್ತಿಕೊಂಡಾಗ ಆ ಗೋಡೆಯಿಂದ ಒಂದು ಕೈ ಚಾಚಿಕೊಂಡಿದೆ, ಯಾರೋ ಹಿಡಿದುಕೊಳ್ಳಲಿ ಎಂದು ಕಾಯುತ್ತಿದೆ ಅನ್ನಿಸಿ, ಅರ್ಧ ಸ್ನಾನಕ್ಕೇ ಹೊರಬಂದದ್ದಿದೆ. ದಿನ ಕಳೆದವು. ಏನೂ ಆಗಲಿಲ್ಲ. ಮಳೆಗಾಲ ಮುಗಿಯಿತು, ದೀಪಾವಳಿ ಮುಗಿಯಿತು. ಎದುರು ಮನೆಯಾಕೆಯ ಮಾತು ನೆನೆದು ನಾನೇ ನಗುವಷ್ಟು ಧೈರ್ಯ ಬಂದಿತ್ತು.

ಮುಂದಿನ ಫೆಬ್ರವರಿಯ ಒಂದು ಬೆಳಿಗ್ಗೆ ಯಜಮಾನರು ಸ್ನಾನಕ್ಕೆ ಹೋದರು. ಮಗ್ಗು ನೆಲಕ್ಕೆ ಬಿದ್ದ ಸದ್ದು. ಆಮೇಲೆ ನಲ್ಲಿಯ ನೀರು ಸುಮ್ಮನೆ ಸುರಿಯುತ್ತಲೇ ಇತ್ತು. ಕೂಗಿದೆ. ಉತ್ತರವಿಲ್ಲ. “ಚಮ್ಚ ತತ್ತಾ ಕಣಮ್ಮ, ಚಮ್ಚ!” ಎಂದು ಅತ್ತೆ ಕಿರುಚಿದರು. ಚಮಚದ ಬಾಲ ಹಾಕಿ ತಿರುಗಿಸಿದೆ, ಬಾಗಿಲು ಆಚೆಗೆ ಬಂತು. ಅವರು ಬಾಗಿಲಿಗೇ ಒರಗಿ ಕುಸಿದಿದ್ದರು. ಬಾಗಿಲಿನ ಜೊತೆ ನನ್ನ ಕಾಲ ಮೇಲೆ ವಾಲಿದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಲಗೈ ಯಾರದೋ ಕೈಯ ಹಾಗೆ ಬಿದ್ದಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ತಲೆಯ ಸ್ಕ್ಯಾನಿನ ಫಿಲ್ಮು ಬೆಳಕಿಗೆ ಹಿಡಿದು, “ಬೇಗ ತಂದಿರಿ, ಉಳಿದರು. ಆದರೆ ಸ್ಟ್ರೋಕು ಆಗಿರೋದು ಇದು ಮೊದಲನೇ ಸಲ ಅಲ್ಲಮ್ಮ. ಹಿಂದೆ ಸಣ್ಣದಾಗಿ ಒಂದೆರಡು ಸಲ ಆಗಿದೆ. ನಡಿಗೆಯಲ್ಲಿ ಏನಾದರೂ ವ್ಯತ್ಯಾಸ ಗಮನಿಸಿರಲಿಲ್ವಾ?” ಎಂದು ಕೇಳಿದರು. ಅಳಿಸಿದ ಬಾಗಿಲ ಗೆರೆ ಕಣ್ಣ ಮುಂದೆ ಬಂತು. ಇಲ್ಲ ಎಂದೆ.

ಎರಡು ತಿಂಗಳ ಮೇಲೆ ಮನೆಗೆ ಕರೆತಂದೆವು. ಮಾತು ತೊದಲು, ಬಲಗಡೆ ಸೋಲು, ಎಡಗೈ ಒಂದೇ ಆಧಾರ. ಮೇಸ್ತ್ರಿಗೆ ಫೋನು ಮಾಡಿದೆ. ಮಾರನೆಯ ದಿನವೇ ಬಂದರು. ಟೇಪು ತೆಗೆಯಲಿಲ್ಲ, ಗೋಡೆ ಬಡಿದು ನೋಡಲಿಲ್ಲ. ನೇರವಾಗಿ ಆ ಟೈಲ್ಸಿಗೆ ಮೊಳೆ ಮುಟ್ಟಿಸಿ ಗುರುತು ಮಾಡಿ, ತೂತು ಕೊರೆದು, ಹಿಡಿ ಕೂರಿಸಿದರು. ಯಜಮಾನರನ್ನು ಕರೆದುಕೊಂಡು ಹೋಗಿ ಕೂರಿಸಿದೆ. ಅವರ ಎಡಗೈ ಹುಡುಕಲೇ ಇಲ್ಲ, ಹೋಗಿ ಹಿಡಿಯ ಮೇಲೆ ಕೂತಿತು. ತಾವೇ ಎದ್ದು ನಿಂತರು. ನಿಂತವರು ಮೇಸ್ತ್ರಿಯನ್ನು ನೋಡಿ ಏನೋ ಹೇಳಹೊರಟು, ಮಾತು ಬಾರದೆ, ಕಣ್ಣು ಒರೆಸಿಕೊಳ್ಳಲು ಹಿಡಿ ಬಿಡಬೇಕಾಗುತ್ತದೆಂದು ಹಾಗೇ ನಿಂತರು.

ಜಗಲಿಯಲ್ಲಿ ಕಾಫಿ ಕೊಟ್ಟು ಕೇಳಿಯೇಬಿಟ್ಟೆ. “ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ನಾನೇನು ಕಣಿ ಏಳೋನಲ್ಲ ಟೀಚರಮ್ಮ. ಸಾರ್ದು ಬಲಗಾಲು ಗೆರೆ ಅಳಿಸ್ತಿತ್ತು. ಬಲಗಾಲ್ ಚಪ್ಲಿ ಉಂಗ್ಟದತ್ರ ಸವ್ದಿತ್ತು. ಕಾಲು ಎತ್ತಕಾಗ್ದೆ ಎಳೀತಾವ್ರೆ ಅಂತ ಕಾಣ್ತು. ಆಟೇಯ.”

“ಅಷ್ಟನ್ನೇ ಹೇಳಬಹುದಿತ್ತಲ್ಲ.”

ಕಾಫಿ ಲೋಟ ಕೆಳಗಿಟ್ಟರು. “ಮೊದ್ಲು ಏಳ್ತಿದ್ದೆ. ಚಿಕ್ಕರಸಿನಕೆರೇಲಿ ಒಬ್ರು ಯಜಮಾನ್ರಿಗೆ ಏಳ್ದೆ, ಅಣ್ಣ, ನಿಮ್ ನಡ್ಗೆ ಸರಿಯಾಗಿಲ್ಲ, ಡಾಕ್ಟ್ರತ್ರ ತೋರ್ಸ್ಕಳಿ ಅಂತ. ನಗಾಡ್ಬುಟ್ರು. ಇಪ್ಪತ್ ದಿಸಕ್ಕೆ ಓದ್ರು. ಮನೆಯೋರು ಬೀದೀಲಿ ನನ್ ಕತ್ತಿನ್ ಪಟ್ಟಿ ಹಿಡ್ಕಂಡು, ನಿನ್ ಬಾಯಿಂದಾನೇ ಸತ್ರು ಅಂದ್ರು. ಎಲ್ಡು ವರ್ಸ ನನ್ನ ಯಾರೂ ಕೆಲ್ಸಕ್ ಕರೀನಿಲ್ಲ.” ಅಂಗಳದ ನಲ್ಲಿಯ ಕಡೆ ನೋಡಿದರು. “ಆಮೇಕೆ ನಮ್ಮನೆಯವ್ಳು. ಬಿಂದ್ಗೆ ಇಳ್ಸೋವಾಗ ಅವಳ ಒಂದು ಕೈ ತಡವಾಗೋದು. ನಾನು ಕಂಡಿದ್ದೆ. ನನ್ ಬಾಯಲ್ ಬಂದ್ರೆ ಆಗೋಯ್ತದೆ ಅಂತ ಎದ್ರುಕಂಡು ಸುಮ್ಕಿದ್ದೆ. ಬಚ್ಚಲಲ್ಲಿ ಬಿದ್ಲು. ಬಾಗ್ಲು ಒಳಕ್ ತೆಗಿಯೋದು, ಅವಳೇ ಅಡ್ಡ ಬಿದ್ದಿದ್ಲು. ನಾವು ಬಾಗ್ಲು ಮೀಟಿ ಒಳಕ್ ಓಗೋಷ್ಟೊತ್ಗೆ ಮುಗುದಿತ್ತು.”

ಕೈಯ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ಹೇಳಿದರು: “ಏಳುದ್ರೂ ಓದ್ರು, ಏಳ್ದೆ ಇದ್ರೂ ಓದ್ಳು. ಅದ್ಕೇ ಈಗ ಹಿಡಿ ಆಕ್ತೀನಿ.”

ನನಗೆ ಸಿಟ್ಟು ಇಳಿದಿರಲಿಲ್ಲ. “ನಮಗೆ ಹೇಳಿದ್ದರೆ ನಾವು ಅವರ ಹಾಗೆ ಮಾಡುತ್ತಿರಲಿಲ್ಲ” ಎಂದೆ.

ಆಗ ಮಾತ್ರ ಅವರು ನನ್ನ ಮುಖ ನೋಡಿದರು. “ನೀವೂ ಒಂದೇ ಸಲ ಕೇಳುದ್ರಿ ಟೀಚರಮ್ಮ. ನಾನು ತಲೆ ತಗ್ಸುದ್ಮೇಲೆ, ತೆಗುದ್ಬುಡಿ ಅಂದ್ರಿ.”

ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಆಮೇಲೆ ಅವರ ಮಾತು ಕೇಳಿದ್ದು ಒಂದೇ ಸಲ, ಕಳೆದ ವರ್ಷ ಸಂಕ್ರಾಂತಿ ಆದ ಮೇಲೆ. ಅವರೇ ಫೋನು ಮಾಡಿದರು. “ಸುಮ್ಕೆ ಮಾಡ್ದೆ. ಸಾರು ಎಂಗವ್ರೆ?” ಕೋಲು ಹಿಡಿದು ಬೀದಿಯವರೆಗೆ ಹೋಗಿಬರುತ್ತಾರೆ ಎಂದೆ. “ಒಳ್ಳೇದು” ಎಂದು ಬಹಳ ಹೊತ್ತು ಫೋನು ಹಿಡಿದೇ ಇದ್ದರು. ಉಸಿರು ಕೇಳುತ್ತಿತ್ತು. “ಏನಾದರೂ ಹೇಳಬೇಕಿತ್ತಾ ಮೇಸ್ತ್ರಿ?” ಎಂದೆ. “ಏನಿಲ್ಲ ಬುಡಿ” ಎಂದು ಇಟ್ಟುಬಿಟ್ಟರು. ಪರೀಕ್ಷೆಯ ಪೇಪರುಗಳ ಗಡಿಬಿಡಿಯಲ್ಲಿ ನಾನು ತಿರುಗಿ ಮಾಡಲಿಲ್ಲ.

ತೀರಿಕೊಂಡ ಸುದ್ದಿ ಬಂದ ವಾರ ಬೆಳಕವಾಡಿಗೆ ಹೋದೆ. ಶಿವನಸಮುದ್ರದ ರಸ್ತೆಯಲ್ಲಿ ಇಳಿದು ಒಳಗೆ ಸ್ವಲ್ಪ ನಡೆದರೆ ಮನೆ. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮೇಸ್ತ್ರಿಯ ಫೋಟೊ, ಎರಡರ ಮುಂದೆಯೂ ಬಿಳಿ ಹೂವು. ಸುಜಾತ ಮೂವತ್ತರ ಹೆಂಗಸು, ಅಪ್ಪನ ಎತ್ತರ ಬಂದಿಲ್ಲ, ಕುಳ್ಳಿ. ಗಂಡನ ಜೊತೆ ಅದೇ ಮನೆಯಲ್ಲಿರುವವಳು. ಮಾತಾಡುತ್ತ, “ಅಪ್ಪ ಕೊನೇಲಿ ಕಟ್ಟಿದ್ದು ನಮ್ ಬಚ್ಚಲೇ ಕಣಮ್ಮ, ಬನ್ನಿ ತೋರುಸ್ತೀನಿ” ಎಂದು ಹಿತ್ತಲಿಗೆ ಕರೆದೊಯ್ದಳು.

ಹೊಸ್ತಿಲೇ ಇಲ್ಲ. ಅಂಗಳದ ಮಟ್ಟಕ್ಕೇ ಒಳನೆಲ. ಬಾಗಿಲು ಒಂದು ಮಂಚ ಹೋಗುವಷ್ಟು ಅಗಲ, ಆಚೆಗೆ ತೆಗೆಯುವಂಥದ್ದು. ಒಳಗೆ ನಲ್ಲಿಯ ಪಕ್ಕ ಕಟ್ಟಿದ ಕಲ್ಲಿನ ಕಟ್ಟೆ, ಎರಡೂ ಕಡೆಗೆ ಉದ್ದಕ್ಕೂ ಹಿಡಿ.

“ಅಪ್ಪಂಗೆ ವಯಸ್ಸಾಯ್ತು, ಅವ್ರಿಗೇ ಕಟ್ಕಂಡ್ರು ಅನ್ಕಂಡ್ವಿ. ಒಂದ್ ದಿನಾನೂ ಇದ್ರೊಳಗೆ ಸ್ನಾನ ಮಾಡ್ನಿಲ್ಲ. ಅಂಗ್ಳದ್ ನಲ್ಲಿತಾವೇ ನೀರು ಉಯ್ಕತಿದ್ರು.”

ಆ ಕಟ್ಟೆ ಆರಡಿಯ ಆಳಿಗೆ ಬಹಳ ತಗ್ಗು. “ಸುಜಾತ, ಒಂದು ಸಲ ಇದರ ಮೇಲೆ ಕೂತ್ಕೊ” ಎಂದೆ. ಕೂತಳು. ಪಾದಗಳೆರಡೂ ನೆಲಕ್ಕೆ ಸಮನಾಗಿ ಊರಿದವು. ಕೈ ಚಾಚಿದರೆ ಹಿಡಿ ಅಂಗೈಯೊಳಕ್ಕೇ ಬಂತು. ಆಗ ನೋಡಿದೆ, ಅವಳ ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲಲ್ಲಿ ಇರಲಿಲ್ಲ. ತಿರುಗಿ ನೋಡಿದರೆ ಇನ್ನೊಂದು ಅಂಗಳದ ನಡುವೆ ಬಿದ್ದಿತ್ತು.

“ಚಪ್ಪಲಿ ಯಾಕೆ ಅಲ್ಲೇ ಬಿಟ್ಟೆ?”

“ಯಾವ್ ಚಪ್ಲಿ?” ಎಂದು ಕಾಲು ನೋಡಿಕೊಂಡಳು. “ಅಯ್ಯೋ, ಅದು ಯಾವಾಗ್ಲೂ ಇಂಗೇ ಕಣಮ್ಮ. ಬಿದ್ದೋದ್ರೆ ಗೊತ್ತೇ ಆಗಕ್ಕಿಲ್ಲ.”

ಸುತ್ತ ಯಾರೂ ಇರಲಿಲ್ಲ. ನಾನು ಏನೂ ಹೇಳದೆ ಬಸ್ಸು ಹತ್ತಬಹುದಿತ್ತು. ಹೇಳಿದರೆ ಆಗಿಯೇಬಿಡುತ್ತದೇನೋ ಎಂಬ ಅದೇ ಭಯ ನನ್ನನ್ನೂ ಹಿಡಿದಿತ್ತು. ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. “ನೋಡು ಮಗ, ನಿನ್ನ ಕಾಲು ಸರಿಯಿಲ್ಲ. ನಾಳೆ ನನ್ನ ಜೊತೆ ಮಂಡ್ಯಕ್ಕೆ ಬಾ. ಈ ಬಚ್ಚಲನ್ನ ನಿಮ್ಮಪ್ಪ ಅವರಿಗಾಗಿ ಕಟ್ಟಿಕೊಂಡಿದ್ದಲ್ಲ” ಎಂದೆ. ಅವಳು ಮೊದಲು ನಕ್ಕಳು. ಆಮೇಲೆ ಎರಡೂ ಕಡೆಯ ಹಿಡಿಗಳನ್ನು ನೋಡಿ, ಎಡಗಾಲನ್ನು ಮೆಲ್ಲಗೆ ಸವರಿಕೊಂಡಳು.

ಅವಳ ಬೆನ್ನುಹುರಿಯ ಪಕ್ಕ ಒಂದು ಗಂಟು ಬೆಳೆಯುತ್ತಿತ್ತು. ಕೆಟ್ಟ ಗಂಟಲ್ಲ, ಆದರೆ ಇನ್ನಾರು ತಿಂಗಳು ಬಿಟ್ಟಿದ್ದರೆ ಸೊಂಟದ ಕೆಳಗೆ ಏನೂ ಉಳಿಯುತ್ತಿರಲಿಲ್ಲವಂತೆ. ಮೈಸೂರಿನಲ್ಲಿ ಆಪರೇಷನ್ ಆಯಿತು. ಈಗ ನಡೆಯುತ್ತಾಳೆ, ಮಳವಳ್ಳಿ ಸಂತೆಗೂ ಒಬ್ಬಳೇ ಹೋಗಿಬರುತ್ತಾಳೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಮಂಡ್ಯದ ಆ ಮೊದಲ ದಿನ. ಡಾಕ್ಟರು ಅವಳ ಪಾದಕ್ಕೆ ಸೂಜಿ ಮುಟ್ಟಿಸಿ ನೋಡಿ, ಚೀಟಿ ಬರೆಯುತ್ತ, “ಇದು ಯಾವಾಗಿಂದ ಹೀಗಿದೆ?” ಎಂದರು.

“ಗೊತ್ತಿಲ್ಲ ಸಾರ್. ನಂಗೆ ಗೊತ್ತೇ ಆಗ್ನಿಲ್ಲ.”

“ಮನೆಯಲ್ಲಿ ಯಾರೂ ಗಮನಿಸಲಿಲ್ವಾ? ಶುರುವಾಗಿದ್ದು ಯಾವಾಗ ಅಂತ ತಿಳಿಯಬೇಕಲ್ಲಮ್ಮ.”

ಸುಜಾತ ಸ್ವಲ್ಪ ಹೊತ್ತು ತನ್ನ ಎಡಗಾಲನ್ನೇ ನೋಡಿದಳು.

“ನಮ್ಮಪ್ಪ ಬಚ್ಚಲು ಕಟ್ಟಕ್ ಸುರು ಮಾಡಿದ್ದು ಸಂಕ್ರಾಂತಿ ಆಗಿ ಮೂರ್ನೇ ದಿಸ ಸಾರ್” ಎಂದಳು. “ಅಲ್ಲಿಂದ ಬರ್ಕಳಿ.”